ನೋಡೋರು ಬ್ಯಾರೆ, ಒಪ್ಪೋರು ಬ್ಯಾರೆ

ಯಾರಾದರೂ ಪಾಸ್‌ವರ್ಡ್ ಒತ್ತಲು ಶುರು ಮಾಡಿದರೆ ಸಾಕು, ರುದ್ರಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಡುತ್ತಿದ್ದರು. ಒತ್ತುವವನಿಗೇ ನಾಚಿಕೆಯಾಗಬೇಕು, ಹಾಗೆ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ದೊಡ್ಡನೆಕ್ಕುಂದಿಯ ನಮ್ಮ ಕಾರ್ಖಾನೆಯಲ್ಲಿ ಪಂಪು ಜೋಡಿಸುತ್ತೇವೆ. ಬಿಡಿಭಾಗಗಳನ್ನು ಪೀಣ್ಯದ ಒಂದು ಕಂಪನಿಯವರು ಮಾಡುತ್ತಾರೆ, ಬಣ್ಣ ಸಿಂಗಸಂದ್ರದ ಇನ್ನೊಂದು ಕಂಪನಿಯವರು ಹಾಕುತ್ತಾರೆ. ಮೂರೂ ಕಡೆಯ ಕೆಲಸ ಕಂಪ್ಯೂಟರಿನಲ್ಲಿ ಒಂದೇ ಕಡೆ ಸಾಗುತ್ತದೆ. ಅಲ್ಲಿ ಯಾರು ಯಾವ ನಕ್ಷೆ ನೋಡಬಹುದು, ತಯಾರಾದ ಮಾಲಿಗೆ ಯಾರು ಒಪ್ಪಿಗೆ ಕೊಡಬಹುದು ಎಂದು ತೀರ್ಮಾನಿಸುವ ಕುರ್ಚಿ ರುದ್ರಪ್ಪನವರದು. ಗದಗಿನ ಕಡೆಯಿಂದ ಹೆಲ್ಪರ್ ಆಗಿ ಬಂದವರು. ನಾನು ಇಂಜಿನಿಯರ್. ಆ ಕುರ್ಚಿ ನನಗೆ ಬರಬೇಕಿತ್ತು ಎಂದು ಇಡೀ ಆಫೀಸಿಗೆ ಹೇಳಿಕೊಂಡು ತಿರುಗಿದ್ದೆ.

ಪೀಣ್ಯದವರು ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡು ಅದನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದರು. ಲೇತ್ ಓಡಿಸುವವನು ತಾನು ಮಾಡಿದ್ದನ್ನು ತಾನೇ ಪಾಸ್ ಮಾಡುತ್ತಿದ್ದ. ನಾನು ಮೂರು ಮೇಲ್ ಕಳಿಸಿದೆ, ಯಾರೂ ಕ್ಯಾರೇ ಅನ್ನಲಿಲ್ಲ. ರುದ್ರಪ್ಪನವರು ಬಸ್ ಹತ್ತಿ ಹೋಗಿ, ಬೋರ್ಡು ಒರೆಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಟ್ಟು ಬಂದರು. “ಮಾಡೋರು ಬ್ಯಾರೆ, ನೋಡೋರು ಬ್ಯಾರೆ, ಒಪ್ಪೋರು ಬ್ಯಾರೆ ಇರಬೇಕ್ರಿ” ಎಂದರಂತೆ. ಅಂದಿನಿಂದ ಅಲ್ಲಿಯವರಿಗೆಲ್ಲ ಅವರು ಅಣ್ಣ. ನಾನು ಮೇಲ್ ಕಳಿಸುವ ಸಾರ್.

ಹೊಟ್ಟೆಕಿಚ್ಚು ತಡೆಯಲಾರದೆ ಒಮ್ಮೆ ಮ್ಯಾನೇಜರ್ ಬಳಿ ಚಾಡಿ ಹೇಳಿದೆ. ಬೀಗದ ಕೈಯೆಲ್ಲ ರುದ್ರಪ್ಪನವರ ಹತ್ತಿರವೇ ಇರುವಾಗ ಬೇರೆ ಕಂಪನಿಯವರ ನಕ್ಷೆಗಳನ್ನು ಕದ್ದು ನೋಡುವುದಿಲ್ಲವೆಂದು ಏನು ಗ್ಯಾರಂಟಿ ಎಂದೆ. ಮ್ಯಾನೇಜರ್ ದಾಖಲೆ ತೆಗೆಸಿದರು. ನೋಡುವವರ ಪಟ್ಟಿಯಲ್ಲಾಗಲಿ, ಒಪ್ಪುವವರ ಪಟ್ಟಿಯಲ್ಲಾಗಲಿ ರುದ್ರಪ್ಪನವರ ಹೆಸರೇ ಇರಲಿಲ್ಲ. ಬೇರೆಯವರಿಗೆ ಅನುಮತಿ ಕೊಡುವ ಕೆಲಸವೊಂದನ್ನು ಬಿಟ್ಟು ತಮಗೆಂದು ಏನನ್ನೂ ಇಟ್ಟುಕೊಂಡಿರಲಿಲ್ಲ. ಚಾಡಿ ಯಾರದೆಂದು ಅವರಿಗೆ ತಿಳಿಯಿತು. ಮರುದಿನವೂ ಎಂದಿನಂತೆ ನನಗೆ ಟೀ ತರಿಸಿದರು. ಬೈದಿದ್ದರೆ ವಾಸಿಯಿತ್ತು.

ಹೋದ ವರ್ಷ ನಿವೃತ್ತರಾದರು. ಕುರ್ಚಿ ನನಗೆ ಬಂತು, ಅವರೇ ನನ್ನ ಹೆಸರು ಹೇಳಿದ್ದರಂತೆ. ಕಡೆಯ ದಿನ ನನ್ನನ್ನು ಕೂರಿಸಿ ಪಕ್ಕದಲ್ಲಿ ನಿಂತು, “ಅನುಮತಿ ಕೊಡೋರ ಜಾಗದಾಗಿಂದ ನನ್ನ ಹೆಸರು ತಗದುಬಿಡ್ರಿ. ನಾ ಇಲ್ಲಿದ್ದಾಗನ ತಗೀರಿ” ಎಂದರು. ತೆಗೆದೆ. ಒಮ್ಮೆ ಪರದೆ ನೋಡಿ, ತಲೆಯಾಡಿಸಿ, ಚೀಲ ಹೆಗಲಿಗೇರಿಸಿ ಹೊರಟರು.

ಅವರು ಗೇಟು ದಾಟುವ ಮೊದಲೇ ಎಲ್ಲ ಪಟ್ಟಿಗೂ ನನ್ನ ಹೆಸರು ಸೇರಿಸಿಕೊಂಡೆ. ಸಂಜೆಯವರೆಗೂ ಮೂರೂ ಕಡೆಯ ನಕ್ಷೆಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಬರೀ ಪೈಪು, ತೂತು, ಅಳತೆ. ಇವನ್ನೆಲ್ಲ ಒಮ್ಮೆಯೂ ನೋಡಬೇಕೆನಿಸದೆ ಆ ಮನುಷ್ಯ ಅಷ್ಟು ವರ್ಷ ಹೇಗೆ ಕೂತಿದ್ದರು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.