ಅಕ್ಕನವರ ಕುದುರೆ ಆಟದ ಬೋರ್ಡು

ಬಟ್ಟೆಯ ಗಂಟು ಬಿಚ್ಚಿದ ಕೂಡಲೇ ಸೀನು ಬಂತು. ಒಂದಲ್ಲ, ಸಾಲಾಗಿ ನಾಲ್ಕು. ಹಳೆಯ ಇಳಕಲ್ ಸೀರೆಯ ತುಂಡು ಅದು. ಅದರ ಎಳೆ ಎಳೆಯಲ್ಲೂ ಬ್ಯಾಡಗಿ ಮೆಣಸಿನಕಾಯಿಯ ಘಾಟು ಕೂತಿತ್ತು. ಒಳಗೆ ಒಂದು ಹಸಿರು ಬೋರ್ಡು. ಹಿಂದೆ ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳು ಇರುತ್ತಿದ್ದವಲ್ಲ, ಅವುಗಳ ಹೊಟ್ಟೆಯೊಳಗಿನ ಬೋರ್ಡು. ಬಟ್ಟೆಗೆ ಅಷ್ಟು ಘಾಟು ಹಿಡಿದಿದ್ದರೂ ಬೋರ್ಡಿನ ಮೇಲೆ ಧೂಳಿನ ಒಂದು ಕಣವೂ ಇರಲಿಲ್ಲ. ಆಗ ಅದು ವಿಚಿತ್ರ ಅನ್ನಿಸಿತು, ಅಷ್ಟೇ.

ತಂದುಕೊಟ್ಟವಳು ಅಕ್ಕನವರ ಮಗಳು, ಹಾವೇರಿಗೆ ಮದುವೆ ಮಾಡಿಕೊಟ್ಟವಳು. ಅವ್ವ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಟ್ರಂಕಿನಲ್ಲಿ ಸಿಕ್ಕಿತಂತೆ. "ಇದು ನಮಗ ತಿಳಿಯಂಗಿಲ್ಲ ಮಾಮಾ, ನೀವ ಇಟ್ಕೋರಿ" ಎಂದು ಕೊಟ್ಟು, ಚಹಾ ಕುಡಿದು ಹೋದಳು. ನಾನು ಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಸುಟ್ಟ ಮೋಟರಿಗೆ ತಂತಿ ಸುತ್ತುವುದನ್ನು ಕೈಯಿಂದ ಕಲಿತೆ, ಬ್ಯಾಡಗಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಖಾರದ ಗಿರಣಿಯ ಮೋಟರ್ ಸುಟ್ಟರೆ, ಕೋಲ್ಡ್ ಸ್ಟೋರೇಜಿನಲ್ಲಿ ಏನಾದರೂ ಕೆಟ್ಟರೆ ಮೊದಲು ನನ್ನನ್ನೇ ಕರೆಯುತ್ತಿದ್ದರು. ಆ ಹೆಮ್ಮೆ ಇತ್ತು ನನಗೆ. ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಮಾರ್ಕೆಟ್ ಯಾರ್ಡಿನ ದಾರಿಯಲ್ಲಿ ಗೇಮ್ ಅಂಗಡಿ ನಡೆಸುತ್ತಿದ್ದವರು. ಗಂಡ ಇಟ್ಟ ಅಂಗಡಿ. ಗಂಡ ತೀರಿಕೊಂಡ ಮೇಲೆ ಎಲ್ಲರೂ ಮಾರಿಬಿಡು ಅಂದರು, ಈಕೆ ಮಾರಲಿಲ್ಲ. ಮೂರು ಪೆಟ್ಟಿಗೆ, ಒಂದು ಕುರ್ಚಿ. ಮೆಣಸಿನಕಾಯಿ ಟೆಂಡರ್ ಮುಗಿದ ಮೇಲೆ ಹಮಾಲರು, ಲೋಡಿಗೆ ಕಾಯುವ ಲಾರಿ ಡ್ರೈವರುಗಳು ಬಂದು ಆಡುವರು. ಸೋತ ಸಿಟ್ಟಿಗೆ ಒಬ್ಬ ಡ್ರೈವರ್ ಪೆಟ್ಟಿಗೆಗೆ ಗುದ್ದಿದಾಗ ಅಕ್ಕ ಕುರ್ಚಿಯಿಂದ ಏಳದೆಯೇ, "ಅಣ್ಣಾ, ಅದೇನು ನಿನ್ನ ಎತ್ತೇನೋ, ಹೊಡದ್ರ ಓಡಾಕ?" ಅಂದಿದ್ದರು. ಇಡೀ ಅಂಗಡಿ ನಕ್ಕಿತ್ತು, ಅವನೂ ನಕ್ಕ.

ನಮ್ಮ ಕಡೆ ಅಮಾವಾಸ್ಯೆಗೆ ಯಂತ್ರಗಳಿಗೆ ಪೂಜೆ. ಲಾರಿ, ಗಿರಣಿ, ತಕ್ಕಡಿ ಯಾವುದನ್ನೂ ಬಿಡುವುದಿಲ್ಲ. ಅಕ್ಕ ಆ ದಿನ ಅಂಗಡಿ ಬಂದ್ ಮಾಡಿ ಪೆಟ್ಟಿಗೆಗಳನ್ನು ತೆರೆಯುವರು. ಊರಿನ ಗಾಳಿಯಲ್ಲೇ ಮೆಣಸಿನಕಾಯಿ ಇರುವಾಗ ಪೆಟ್ಟಿಗೆಯೊಳಗೆ ಹೋಗದೆ ಇರುತ್ತದೆಯೇ? ಕೆಂಪು ಧೂಳು ಪದರ ಕಟ್ಟಿರುತ್ತಿತ್ತು. ನಾನು ವೈರಿಂಗ್ ನೋಡುವೆ, ಅಕ್ಕ ಬಣ್ಣ ಹಚ್ಚುವ ಸಣ್ಣ ಬ್ರಷ್ ಹಿಡಿದು ಒಂದೊಂದೇ ಬೋರ್ಡು ಒರೆಸುವರು. ಇಬ್ಬರೂ ಸೀನುತ್ತಾ ಕೆಲಸ ಮಾಡುತ್ತಿದ್ದೆವು. ಆಮೇಲೆ ಕುಂಕುಮ, ಊದಿನಕಡ್ಡಿ.

ಮೂರರಲ್ಲಿ ಒಂದು ಕುದುರೆ ಆಟ. ಕತ್ತಿ ಹಿಡಿದ ಒಬ್ಬ ಹುಡುಗಿ ಕುದುರೆ ಏರಿ ಹೋಗುತ್ತಾಳೆ, ದಾರಿಯಲ್ಲಿ ಒಂದು ಹೊಳೆ. ಆ ಹೊಳೆಯನ್ನು ನಮ್ಮ ಊರಿನಲ್ಲಿ ಯಾರೂ ದಾಟಿರಲಿಲ್ಲ. ಎಲ್ಲರ ಕುದುರೆಯೂ ಅಲ್ಲೇ ಮುಳುಗುತ್ತಿತ್ತು. ಅಕ್ಕ ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತು ಅದನ್ನು ಪಕ್ಕದಿಂದಲೇ ನೋಡಿದ್ದರು.

"ತಮ್ಮಾ, ಆ ಹುಡುಗಿ ಹೊಳಿ ದಾಟಿದ್ರ ಎಲ್ಲಿಗೆ ಹೋಗ್ತಾಳ?" ಎಂದು ಒಮ್ಮೆ ಕೇಳಿದರು.

"ನೀವ ಆಡಿ ನೋಡ್ರಿ ಅಕ್ಕಾರ. ಅಂಗಡಿ ನಿಮ್ಮದ ಐತಲ್ಲ."

"ಗಂಡಸರ ನಡುವ ನಿಂತು ಆಡಿದ್ರ ನಾಳಿಗೆ ಇಡೀ ಯಾರ್ಡಿಗೆ ನಾನ ಸುದ್ದಿ. ಬಾಗಲಾ ಹಾಕ್ಕೊಂಡು ಆಡಿದ್ರ, ಒಳಗ ಏನ ನಡಸ್ಯಾಳ ಅಂತಾರ. ಬಿಡು, ಮುಂದ ಎಂದಾರ ಮನ್ಯಾಗ ಆಡ್ತೇನಿ."

ನಗುತ್ತಲೇ ಅಂದಿದ್ದರು. ನಾನೂ ನಕ್ಕಿದ್ದೆ...

ಎಲ್ಲರ ಕೈಗೆ ಫೋನ್ ಬಂದ ಮೇಲೆ ಅಂಗಡಿ ಮುಚ್ಚಿತು. ಪೆಟ್ಟಿಗೆಯ ಹಲಗೆ ಬಡಗಿಯ ಪಾಲಾಯಿತು. ಅಕ್ಕ ಒಂದನ್ನು ಮಾತ್ರ ಬಿಡಲಿಲ್ಲ. ಒಂದು ದಿನ ಕುದುರೆ ಆಟದ ಬೋರ್ಡು, ಅದರ ಹಿಡಿಕೆ, ಗುಂಡಿಗಳು, ಜೊತೆಗೆ ಅಡುಗೆಮನೆಯ ಒಂದು ಮಣೆ ತಂದು ನನ್ನ ಮುಂದೆ ಇಟ್ಟರು.

"ಮನ್ಯಾಗಿನ ಟಿವ್ಯಾಗ ಇದು ಬರತೈತೇನು? ಇಲ್ಲಂದ್ರ ರಾಣೆಬೆನ್ನೂರಾಗ ಟಿವಿ ರಿಪೇರಿ ಕಲಿತಾಂವ ಒಬ್ಬ ಅದಾನಂತ, ಅವನ ಕಡೆ ಒಯ್ತೇನಿ."

"ನಾ ಇರೂತನ ಇನ್ನೊಬ್ಬ ಯಾಕ್ರಿ ಅಕ್ಕಾರ?" ಅಂದೆ.

"ಹಂಗಾದ್ರ ಒಂದ ಮಾತು. ಇದರಾಗಿನ ಸೆಲ್ ಮುಟ್ಟಬ್ಯಾಡ. ಬೋರ್ಡ್ ತಂದುಕೊಟ್ಟಾಂವ ಮತ್ತ ಮತ್ತ ಹೇಳಿ ಹೋಗ್ಯಾನ. ಯಾಕಂತ ನನಗ ಗೊತ್ತಿಲ್ಲ."

"ಸೆಲ್ ಅಂದ್ರ ಸೆಲ್ ರೀ. ಗಡಿಯಾರದ ಸೆಲ್ ಬದ್ಲಿ ಮಾಡಿದ್ರ ಗಡಿಯಾರ ಸಾಯತೈತೇನು?"

ಕೆಲಸ ಚೆನ್ನಾಗಿಯೇ ಮಾಡಿದೆ. ಹಳೆಯ ಕಂಪ್ಯೂಟರಿನ ಪವರ್ ಸಪ್ಲೈಯಿಂದ ಐದು ವೋಲ್ಟ್ ತೆಗೆದು, ಮೀಟರಿನಲ್ಲಿ ಮೂರು ಸಲ ನೋಡಿ ಬೋರ್ಡಿಗೆ ಕೊಟ್ಟೆ. ಬೋರ್ಡಿನಿಂದ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಬೇರೆ ಬೇರೆ ತಂತಿ ಬರುತ್ತವೆ. ಅವನ್ನು ಒಂದಾಗಿಸಿ ಟಿವಿಗೆ ಕೊಡುವ ಸಣ್ಣ ಸರ್ಕ್ಯೂಟನ್ನು ಹುಬ್ಬಳ್ಳಿಗೆ ಹೋಗಿ ತಂದೆ. ಮಣೆಗೆ ತೂತು ಕೊರೆದು ಹಿಡಿಕೆ, ಗುಂಡಿ ಕೂಡಿಸಿದೆ. ಕಾಸು ಹಾಕುವ ಕಿಂಡಿಯ ಬದಲು ಮನೆಯ ಬಾಗಿಲಿನ ಬೆಲ್ ಸ್ವಿಚ್ಚು. ಒಂದು ಬೆಳಿಗ್ಗೆ ಟಿವಿಯಲ್ಲಿ ಆ ಕುದುರೆ ಬಂದು ನಿಂತಿತು. ಮಧ್ಯಾಹ್ನ ಬರ್ರಿ ಎಂದು ಅಕ್ಕನಿಗೆ ಹೇಳಿ ಕಳಿಸಿದೆ.

ಬರುವತನಕ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಬೋರ್ಡಿನ ಮೂಲೆಯ ಸೆಲ್ ಕಣ್ಣಿಗೆ ಬಿತ್ತು. ಅದರ ಕಾಲಿಗೆ ಹಸಿರು ಕಿಲುಬು ಹತ್ತಿತ್ತು. ನನ್ನ ಕೈಯಿಂದ ಹೋಗುವ ಕೆಲಸದಲ್ಲಿ ಕಿಲುಬು ಇರಬಾರದು. ಅದೇ ನನ್ನ ರೋಗ. ಬೋರ್ಡು ಬಂದ್ ಮಾಡಿ ಹಳೆಯ ಸೆಲ್ ಕಿತ್ತೆ, ಜಾಗ ಒರೆಸಿದೆ, ಹೊಸದನ್ನು ಬೆಸುಗೆ ಹಾಕಿದೆ. ಸ್ವಿಚ್ ಒತ್ತಿದೆ.

ಪರದೆಯ ತುಂಬ ಒಂದೇ ಬಣ್ಣ. ಕುದುರೆ ಇಲ್ಲ, ಹುಡುಗಿ ಇಲ್ಲ. ಮತ್ತೆ ಒತ್ತಿದೆ. ಎಷ್ಟು ಸಲ ಒತ್ತಿದೆನೋ...

ಅಕ್ಕ ಬಂದರು. ಒಳ್ಳೆಯ ಸೀರೆ ಉಟ್ಟಿದ್ದರು, ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ಟಿವಿ ನೋಡಿದರು, ನನ್ನ ಮುಖ ನೋಡಿದರು. ಹಳೆಯ ಸೆಲ್ ನನ್ನ ಅಂಗಿಯ ಕಿಸೆಯಲ್ಲಿತ್ತು. ನಾನು ಅಂದೆ, "ಬೋರ್ಡ್ ಹೋಗೇತ್ರಿ ಅಕ್ಕಾರ. ಮೆಣಸಿನಕಾಯಿ ಧೂಳು ಒಳಗಿಂದ ತಿಂದುಬಿಟ್ಟೈತಿ."

ಅವರು ಬೋರ್ಡಿನ ಮೇಲೆ ಬೆರಳು ಆಡಿಸಿದರು. "ಅಂಗಡಿ ಮುಚ್ಚಿದ ಮ್ಯಾಲ ನಾ ಒರಸೂದು ಬಿಟ್ಟಿದ್ದೆ. ನಂದ ತಪ್ಪು ಬಿಡು ತಮ್ಮಾ."

ಬೋರ್ಡನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೊರಟರು. ಮಣೆ, ಉಂಡಿಯ ಡಬ್ಬಿ ನನ್ನಲ್ಲೇ ಉಳಿದವು. ಆ ಉಂಡಿ ನಾನು ತಿನ್ನಲಿಲ್ಲ. ಆಮೇಲೆ ದಾರಿಯಲ್ಲಿ ಎಷ್ಟೋ ಸಲ ಸಿಕ್ಕರು, ಮಗಳ ಮದುವೆಗೆ ಕರೆದರು. ಬೋರ್ಡಿನ ಸುದ್ದಿ ಮಾತ್ರ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಈಗ ಬೋರ್ಡು ಕೈಗೆ ಬಂದ ಮೇಲೆ ಫೋನಿನಲ್ಲಿ ವಿಡಿಯೋ ನೋಡತೊಡಗಿದೆ. ಹೊರದೇಶದ ಮಂದಿ ಇಂಥ ಬೋರ್ಡುಗಳನ್ನು ಮನೆಯಲ್ಲಿಟ್ಟುಕೊಂಡು ಆಡುತ್ತಾರೆ. ನನಗೆ ಇಂಗ್ಲಿಷ್ ಬರುವುದಿಲ್ಲ, ಅವರ ಕೈ ಎಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದೆ. ಎಲ್ಲರ ಬೆರಳೂ ಆ ಸೆಲ್ಲಿನ ಹತ್ತಿರ ಬಂದು ನಿಲ್ಲುತ್ತಿತ್ತು. ರಾಣೆಬೆನ್ನೂರಿನ ಸ್ಟೇಷನ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬನ ಬಳಿ ಬೋರ್ಡು ಒಯ್ದೆ. ವಯಸ್ಸಿನಲ್ಲಿ ನನ್ನ ಮಗನಂಥವನು. ಅವನ ಮುಂದೆ ನಿಂತು "ನನಗ ಗೊತ್ತಿಲ್ಲಪಾ, ನೀ ಹೇಳು" ಅಂದೆ.

ಅವನು ಇಂಟರ್ನೆಟ್ಟಿನಲ್ಲಿ ಓದಿ ಹೇಳಿದ. ಆಟದ ಬೀಗ ತೆಗೆಯುವ ಗುಟ್ಟಿನ ಅಂಕಿಗಳು ಆ ಸೆಲ್ಲಿನ ಬಲದಿಂದಲೇ ಬೋರ್ಡಿನಲ್ಲಿ ಉಳಿದಿರುತ್ತಿದ್ದವಂತೆ. ಸೆಲ್ ಕಿತ್ತರೆ ಅವು ಅಳಿಸಿಹೋಗುತ್ತವೆ, ಹೊಸ ಸೆಲ್ ಹಾಕಿದರೂ ಮರಳುವುದಿಲ್ಲ. ಈಗ ಅವನ್ನು ಮತ್ತೆ ಬರೆಯುವ ದಾರಿ ಇದೆ. ಎರಡು ವಾರ ತೆಗೆದುಕೊಂಡು ಬರೆದುಕೊಟ್ಟ.

"ಹಿಂದಿನ ಸೆಲ್ ಯಾರ್ ಕಿತ್ತಾರ್ರಿ ಕಾಕಾ?"

"ನಾನ."

ಹಾವೇರಿಗೆ ಫೋನ್ ಮಾಡಿ ಅಕ್ಕನ ಮಗಳನ್ನು ಕರೆಸಿದೆ. ಟಿವಿಯಲ್ಲಿ ಕುದುರೆ ನಿಂತಿತ್ತು. ಆಕೆಯ ಎದುರು ಕೂತು ಎಲ್ಲವನ್ನೂ ಹೇಳಿದೆ, ಕಿಸೆಯಲ್ಲಿದ್ದ ಸೆಲ್ಲನ್ನೂ ಬಿಡದೆ.

ಆಕೆ ಬೋರ್ಡಿನ ಮೇಲೆ ಬೆರಳು ಆಡಿಸಿದಳು. ಆಮೇಲೆ, "ಹಂಗಾದ್ರ ಧೂಳಿಂದ ಅಲ್ಲೇನ್ರಿ ಮಾಮಾ?" ಅಂದಳು. "ಅವ್ವ ಪ್ರತಿ ಅಮಾಸಿಗೆ ಇದನ್ನ ತಗದು ಬ್ರಷ್ ಹಚ್ಚಿ ಒರಸ್ತಿದ್ಲು. ಕೆಟ್ಟದ್ದನ್ನ ಎಷ್ಟಂತ ಒರಸ್ತೀ ಅಂತ ನಾ ನಗತಿದ್ದೆ. ಚೆಂದಂಗ ನಡದಿತ್ತು, ನನ್ನ ಕೈಲೆ ಹಾಳಾತು ಅಂತಿದ್ಲು."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಣೆ ಈಗ ಟಿವಿ ಮುಂದೆಯೇ ಇರುತ್ತದೆ. ಅಮಾವಾಸ್ಯೆಗೆ ನಾನೂ ಬೋರ್ಡಿಗೆ ಬ್ರಷ್ ಆಡಿಸುತ್ತೇನೆ, ಧೂಳು ಇಲ್ಲದಿದ್ದರೂ. ಮೋಟರ್ ಸುತ್ತಿ ಒರಟಾದ ಬೆರಳು, ಗುಂಡಿ ಬೇಗ ಒತ್ತಲಾಗದು. ನನ್ನ ಕುದುರೆಯೂ ತಿಂಗಳುಗಟ್ಟಲೆ ಮುಳುಗಿತು. ಹೋದ ಭಾನುವಾರ ಹೊಳೆ ದಾಟಿತು.

ಆಚೆ ಏನಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲೂ ಹೇಳಿಲ್ಲ. ಆ ಹುಡುಗಿ ಎಲ್ಲಿಗೆ ಹೋಗುತ್ತಾಳೆ ಎಂದು ಕೇಳಿದ್ದವರು ಅಕ್ಕ ಒಬ್ಬರೇ.