ಫೋರ್ತುನಾತೊನ ಅಡುಗೆಮನೆಯ ಮೇಲಿನ ಗಾಳಿ

ಮನೆ ಕೊಳ್ಳುವವರು ಮೊದಲು ನನ್ನ ಅಂಗಡಿಗೆ ಬರುತ್ತಾರೆ. ನನ್ನದು ನೋಟರಿಯ ಕಚೇರಿ ಪಕ್ಕದ ಜೆರಾಕ್ಸ್ ಅಂಗಡಿ. ಈ ಗುಡ್ಡದ ಮೇಲೆ ಯಾರು ಯಾರಿಗೆ ಏನು ಮಾರಿದರೂ ಅದರ ಪತ್ರ ನನ್ನ ಯಂತ್ರದೊಳಗೆ ಒಮ್ಮೆ ಹಾದುಹೋಗಲೇಬೇಕು. ಇಪ್ಪತ್ತೈದು ವರ್ಷ ಇಷ್ಟೆಲ್ಲ ಪತ್ರ ಓದಿದ್ದೀಯಲ್ಲ ರೋಸೌರಾ, ಈ ಮನೆ ತಗೋಬಹುದಾ ಹೇಳು, ಎಂದು ಕೇಳುತ್ತಾರೆ. ಓದಿದಷ್ಟೂ ನನ್ನ ತಲೆ ಕೆಟ್ಟಿದೆಯೇ ಹೊರತು ಒಂದು ಅಕ್ಷರವೂ ತಿಳಿದಿಲ್ಲ. ಅದಕ್ಕೇ ನಾನು ಕೈ ತೋರಿಸುವುದು ಎದುರಿಗೆ, ಮಾರ್ಕೆಟ್ಟಿನ ಬಾಗಿಲಲ್ಲಿ ಆಲೂಗಡ್ಡೆಯೊಳಗೆ ಕೊಚ್ಚಿದ ಮಾಂಸ ತುಂಬಿ ಎಣ್ಣೆಯಲ್ಲಿ ಕರಿಯುತ್ತ ನಿಂತಿರುವ ತೆಯೊದೋಸಿಯಾ ಯರಾಂಗಾಳ ಕಡೆಗೆ.

ತೆಯೊದೋಸಿಯಾಳಿಗೆ ಈಗ ಅರವತ್ತೊಂದು. ಅಯಾಕುಚೊ ಕಡೆಯ ಹಳ್ಳಿಯಿಂದ ಹದಿನೆಂಟರಲ್ಲಿ ರಾಜಧಾನಿ ಲಿಮಾಕ್ಕೆ ಬಂದವಳು. ಚಾಪೆಯ ಗೋಡೆಯ ಮನೆ, ಹಲಗೆಯ ಮನೆ, ಬಾಡಿಗೆ ಕೋಣೆ, ಇನ್ನೊಬ್ಬರ ಹಿತ್ತಲು, ಎಲ್ಲ ಕಡೆ ಇದ್ದು, ಎಲ್ಲ ಕಡೆ ಮೋಸಹೋಗಿ, ಕೊನೆಗೆ ಲಿಮಾದ ಅಂಚಿನ ಈ ಗುಡ್ಡದಲ್ಲಿ ನೆಲೆ ನಿಂತವಳು. ಮೋಸಹೋದವರ ಮಾತಿಗೆ ನಮ್ಮಲ್ಲಿ ಬೆಲೆ ಜಾಸ್ತಿ. ಅವಳೂ ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಬಾಣಲೆಯಿಂದ ಕಣ್ಣು ತೆಗೆಯದೆ ಶುರು ಮಾಡುತ್ತಾಳೆ.

"ಮನೆ ನೋಡೋಕೆ ಜನವರಿಯಲ್ಲಿ ಹೋಗ್ಬೇಡಿ. ಬೇಸಿಗೆ ಬಿಸಿಲಲ್ಲಿ ಎಲ್ಲ ಮನೇನೂ ಚೆನ್ನಾಗೇ ಕಾಣತ್ತೆ. ಆಗಸ್ಟಲ್ಲಿ ಹೋಗಿ, ಚಳಿಗಾಲದ ಜಿನುಗು ಹಿಡಿದಿರೋ ದಿನ. ಗೋಡೆ ಮೇಲೆ ಕ್ಯಾಲೆಂಡರ್ ನೇತಾಡ್ತಿದ್ರೆ ಎತ್ತಿ ನೋಡಿ. ಅದರ ಹಿಂದೆ ಥಂಡಿಯ ಕಲೆ ಇಲ್ದೆ ಇದ್ರೆ ನನ್ನ ಹೆಸರು ಬದಲಾಯಿಸಿ. ನೀರಿನ ಲಾರಿ ಯಾವ ದಿನ ಬರತ್ತೆ ಅಂತ ಮನೆಯವರನ್ನ ಕೇಳ್ಬೇಡಿ, ಮೂಲೆ ಅಂಗಡಿಯವಳನ್ನ ಕೇಳಿ. ಕಂಬದ ಮೇಲೆ ಕಬ್ಬಿಣದ ಸರಳು ಬಿಟ್ಟಿರ್ತಾರಲ್ಲ, ಅದನ್ನ ಉಗುರಲ್ಲಿ ಕೆರೀರಿ. ಪುಡಿ ಉದುರಿದ್ರೆ ಅದರ ಮೇಲೆ ಇನ್ನೊಂದು ಅಂತಸ್ತು ನಿಲ್ಲಲ್ಲ."

ಇಷ್ಟಾದರೆ ಚಿಂತೆಯಿರಲಿಲ್ಲ. ಆದರೆ ಅವಳು ಅಲ್ಲಿಗೆ ನಿಲ್ಲಿಸುವವಳಲ್ಲ.

"ಹಾಗಂತ ತುಂಬ ನೋಡ್ತಾ ಕೂರ್ಬೇಡಿ, ಬೇರೆಯವರು ಎಗರಿಸ್ಕೊಂಡು ಹೋಗ್ತಾರೆ. ಅವಸರಾನೂ ಮಾಡ್ಬೇಡಿ. ಗುರುತಿಲ್ಲದವರ ಹತ್ರ ಕೊಳ್ಬೇಡಿ. ಗುರುತಿರೋರ ಹತ್ರ ಅಂತೂ ಕೊಳ್ಳಲೇಬೇಡಿ."

ಕೇಳಿದವರು ಕೈಯಲ್ಲಿ ಬಿಸಿ ಆಲೂಗಡ್ಡೆ ಹಿಡಿದುಕೊಂಡು ಬಂದದ್ದಕ್ಕಿಂತ ಹೆಚ್ಚಿನ ಗೊಂದಲದಲ್ಲಿ ವಾಪಸು ಹೋಗುತ್ತಾರೆ. ಆದರೂ ಮರುದಿನ ಇನ್ಯಾರೋ ಬರುತ್ತಾರೆ. ಯಾಕೆ ಎನ್ನುವುದು ನನಗೆ ಬಗೆಹರಿದಿಲ್ಲ.

ಗುರುತಿರುವವರ ಮಾತು ಅವಳ ಸ್ವಂತ ಕತೆ. ನಮ್ಮ ಗುಡ್ಡದಲ್ಲಿ ನೆಲ ಎಂದೋ ಮುಗಿದಿದೆ. ಈಗ ಮಾರುವುದು ಗಾಳಿ. ಒಂದು ಅಂತಸ್ತು ಕಟ್ಟಿಕೊಂಡವನು ತನ್ನ ತಾರಸಿಯ ಮೇಲಿನ ಗಾಳಿಯನ್ನು ಇನ್ನೊಬ್ಬರಿಗೆ ಮಾರುತ್ತಾನೆ. ಕೊಂಡವರು ಅಲ್ಲಿ ಗೋಡೆ ಎಬ್ಬಿಸಿ ಸಂಸಾರ ಹೂಡುತ್ತಾರೆ. ಇಪ್ಪತ್ತೆರಡು ವರ್ಷದ ಕೆಳಗೆ ತೆಯೊದೋಸಿಯಾ ಕೊಂಡದ್ದು ಫೋರ್ತುನಾತೊ ಯಾಕ್ಸಾನ ತಾರಸಿಯ ಗಾಳಿ. ಫೋರ್ತುನಾತೊ ಅವಳ ಕೊಂಪಾದ್ರೆ. ಅಂದರೆ ಅವನ ಮಗಳು ಮಾರ್ಲೆನಿಯ ಹುಟ್ಟುಗೂದಲಿಗೆ ಮೊದಲ ಕತ್ತರಿ ಹಾಕಿದ್ದು ಇವಳು. ಅಂದಿನಿಂದ ಅವನಿಗೆ ಇವಳು ಕೊಮಾದ್ರೆ. ಈ ನಂಟು ರಕ್ತದ್ದಕ್ಕಿಂತ ನಾಜೂಕು. ಒಡಹುಟ್ಟಿದವರ ಜೊತೆ ಕಿತ್ತಾಡಬಹುದು, ಕೊಂಪಾದ್ರೆಯ ಮುಂದೆ ದನಿಯನ್ನೂ ಏರಿಸುವಂತಿಲ್ಲ.

ಆ ಗಾಳಿಯ ಪತ್ರ ನಾನೇ ಜೆರಾಕ್ಸ್ ಮಾಡಿದ್ದೆ. ಎಷ್ಟು ಎತ್ತರ, ನಾಲ್ಕು ದಿಕ್ಕಿಗೆ ಎಷ್ಟು ಅಗಲ, ಬೆರಳಿನ ಲೆಕ್ಕದವರೆಗೂ ಬರೆದಿತ್ತು. ಮೆಟ್ಟಿಲಿನ ಸುದ್ದಿ ಎಲ್ಲೂ ಇರಲಿಲ್ಲ. ಮೆಟ್ಟಿಲಿದ್ದದ್ದು ಫೋರ್ತುನಾತೊನ ಅಡುಗೆಮನೆಯೊಳಗೆ, ಒಲೆಯ ಪಕ್ಕದಲ್ಲಿ.

"ಅಕ್ಕ, ಈ ಪತ್ರದ ಪ್ರಕಾರ ನೀನು ಮನೆಗೆ ಹಾರ್ಕೊಂಡೇ ಹೋಗ್ಬೇಕು" ಎಂದಿದ್ದೆ.

"ಮೆಟ್ಟಿಲು ಬರೆದುಕೊಡಿ ಅಂತ ಕೊಂಪಾದ್ರೆನ ಕೇಳೋಕಾಗತ್ತಾ? ನನ್ನ ಬಾಗಿಲು ನಿಮ್ಮ ಬಾಗಿಲು ಅಂದಿದಾರೆ. ಅಷ್ಟು ಅಂದ ಮೇಲೂ ಪತ್ರ ಕೇಳಿದ್ರೆ ಮುಖಕ್ಕೆ ಉಗಿದಂಗಲ್ವಾ?"

ಸರಿ, ಬರೆಸಲಿಲ್ಲ. ಅವರ ಮುಂಬಾಗಿಲಿನ ಕೀಲಿಕೈಯೊಂದನ್ನು ಇವಳಿಗೆ ಕೊಟ್ಟರು. ಬೆಳಿಗ್ಗೆ ಬಾಣಲೆ ಹೊತ್ತು ಅವರ ಅಡುಗೆಮನೆಯಿಂದ ಇಳಿದು ಬರುವುದು, ಸಂಜೆ ಅದೇ ಅಡುಗೆಮನೆಯಿಂದ ಹತ್ತಿ ಹೋಗುವುದು. ಫೋರ್ತುನಾತೊನ ಹೆಂಡತಿ ಹುಸ್ತಿನಾ ತೀರಿಕೊಂಡು ಮೂರು ವರ್ಷವಾಯಿತು. ಆಮೇಲೂ ಅದೇ ನಡೆಯಿತು. ಒಂದು ದಿನವೂ ಒಂದು ಒರಟು ಮಾತು ಹುಟ್ಟಲಿಲ್ಲ. ಇಂಥವರೂ ಇದ್ದಾರಲ್ಲ ಎಂದು ನಾನು ಹತ್ತು ಜನರ ಮುಂದೆ ಹೊಗಳಿದ್ದೇನೆ.

ಹೋದ ಜುಲೈನಲ್ಲಿ ಒಂದು ಎಳೆಯ ಜೋಡಿ ಬಂತು. ಹುಡುಗಿ ನೊಯೆಮಿ, ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಗಂಡ ಎಲ್ಮರ್ ಟೈಲ್ಸ್ ಹಾಕುವವನು. ಎದುರಿಗೆ ಹೋಗಿ ತೆಯೊದೋಸಿಯಾಳ ಪಾಠವನ್ನೆಲ್ಲ ಕೇಳಿಕೊಂಡು, ಪೆಚ್ಚುಮುಖ ಮಾಡಿಕೊಂಡು, ಪತ್ರದ ಪ್ರತಿ ತೆಗೆಸಲು ನನ್ನ ಹತ್ತಿರ ಬಂದರು. ಹಿಂದೆಯೇ ತೆಯೊದೋಸಿಯಾಳೂ ಚಿಲ್ಲರೆಗೆಂದು ಬಂದಳು. ಕಾಗದ ಯಂತ್ರದ ಮೇಲಿಡುವಾಗ ಹೆಸರು ಕಣ್ಣಿಗೆ ಬಿತ್ತು. ಮಾರುವವನು ಫೋರ್ತುನಾತೊ ಯಾಕ್ಸಾ. ಮಾರುವುದು ಕೆಳಗಿನ ಅಂತಸ್ತು.

ನನ್ನ ಬಾಯಿಗೆ ಅಗಳಿ ಇಲ್ಲ. "ಅಕ್ಕ, ಇವರು ಕೊಳ್ತಿರೋದು ನಿನ್ನ ಅಡುಗೆಮನೆ" ಎಂದುಬಿಟ್ಟೆ.

ಅವಳಿಗೆ ತಿಳಿಯಲಿಲ್ಲ. ನನಗೂ ಒಂದು ಗಳಿಗೆ ನಾನು ಏನು ಹೇಳಿದೆ ಎಂದು ತಿಳಿಯಲಿಲ್ಲ. ಅವಳ ಸ್ವಂತ ಅಡುಗೆಮನೆ ಮೇಲೆ ಬೇರೆಯೇ ಇದೆ, ಹಾದುಹೋಗುವುದು ಫೋರ್ತುನಾತೊನದರೊಳಗಿಂದ, ಅದು ಇನ್ನು ಈ ಜೋಡಿಯದು. ನಾಲ್ವರೂ ಆ ಕಾಗದದ ಸುತ್ತ ನಿಂತೆವು. ಆಮೇಲೆ ಅವಳು ಮೆಲ್ಲಗೆ, "ಕೊಂಪಾದ್ರೆ ಇವತ್ತು ಬೆಳಿಗ್ಗೆನೂ ಮಾತಾಡಿದ್ರು. ನನಗೆ ಹೇಳ್ಲೇ ಇಲ್ಲ" ಎಂದಳು. ನನಗೆ ಫೋರ್ತುನಾತೊನ ಮೇಲೆ ಉರಿದುಹೋಯಿತು.

"ಮೇಲೆ ಒಬ್ರು ಸಿನ್ಯೋರಾ ಇದಾರೆ, ಅವರಿಂದ ಏನೂ ತೊಂದ್ರೆ ಇಲ್ಲ ಅಂದ್ರು. ನೀವೇ ಅಂತ ಗೊತ್ತಿರ್ಲಿಲ್ಲ ಅಮ್ಮ" ಎಂದಳು ನೊಯೆಮಿ. ಹುಡುಗಿ ಒಳ್ಳೆಯವಳು, ಆದರೆ ನೇರ. "ಈಗ ಏನ್ ಮಾಡೋದು? ಮೇಲಿರೋರು ನೀವಲ್ಲ, ಬೇರೆ ಯಾರೋ ಅಂದ್ಕೊಳ್ಳಿ. ನಮಗೆ ಏನು ಹೇಳ್ತಿದ್ರಿ?"

ತೆಯೊದೋಸಿಯಾ ಕೈಯಲ್ಲಿದ್ದ ನೋಟನ್ನು ಮಡಚಿದಳು, ಬಿಚ್ಚಿದಳು. "ಕೊಳ್ಬೇಡಿ ಅಂತಿದ್ದೆ. ಬೇರೆಯವರು ಅಡುಗೆಮನೇಲಿ ಓಡಾಡೋ ಮನೆ ಯಾಕೆ?"

"ಹಂಗಾದ್ರೆ ಬೇಡ ಅಂತೀರಾ?"

"ಕೊಂಡ್ರೆ ಮೊದಲನೇ ದಿನವೇ ಆ ಮೆಟ್ಟಿಲಿಗೆ ಇಟ್ಟಿಗೆ ಇಟ್ಟು ಮುಚ್ಚಿ ಅಂತಿದ್ದೆ. ಪತ್ರದಲ್ಲಿ ಅವಳಿಗೆ ದಾರಿ ಇಲ್ಲ. ಪೊಲೀಸರು ಬಂದ್ರೂ ನಿಮ್ದೇ ಸರಿ ಅಂತಾರೆ."

"ಎರಡರಲ್ಲಿ ಯಾವುದಮ್ಮ?"

"ನಂಗೊತ್ತಿಲ್ಲ ತಾಯಿ. ಎರಡೂ ನಿಜ."

ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಗೊತ್ತಿಲ್ಲ ಎನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು. ಇವರು ಕೊಂಡರೆ ಇವಳು ಸ್ವಂತ ಮನೆಗೆ ಹೋಗುವುದು ಹೇಗೆ? ಇವರು ಬಿಟ್ಟರೆ ಇನ್ನೊಬ್ಬರು ಕೊಳ್ಳುತ್ತಾರೆ, ಅವರು ಹೀಗೆ ಕೇಳುತ್ತ ನಿಲ್ಲುವವರಲ್ಲ. ಕೊಳ್ಳಬೇಡಿ ಎಂದದ್ದು ಅವರ ಒಳ್ಳೆಯದಕ್ಕೋ ತನ್ನ ದಾರಿಗೋ, ಅದು ಅವಳಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಮನೆಯನ್ನು ಒಮ್ಮೆ ನೋಡಿಯೇ ಬಿಡೋಣ ಎಂದ ಎಲ್ಮರ್. ಮುಂದಿನ ಭಾನುವಾರ ಮಧ್ಯಾಹ್ನ ನಾಲ್ವರೂ ಹೋದೆವು. ನನ್ನನ್ನು ಯಾರೂ ಕರೆದಿರಲಿಲ್ಲ, ಆದರೂ ಹೋದೆ.

ಫೋರ್ತುನಾತೊ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಮಂಡಿ ನೋವು ಅವನಿಗೆ. ಈ ಗುಡ್ಡದ ಮೆಟ್ಟಿಲು ಹತ್ತಲಾರ. ಮಗಳು ಮಾರ್ಲೆನಿ ಇಕಾ ಊರಿನಲ್ಲಿದ್ದಾಳೆ, ಅಲ್ಲಿ ನೆಲ ಸಮ, ಬಾ ಎನ್ನುತ್ತಿದ್ದಾಳೆ. ತೆಯೊದೋಸಿಯಾ ಎಂದಿನಂತೆ ನಮಸ್ಕಾರ ಹೇಳಿದಳು, ಅವನೂ ಹೇಳಿದ. ಮಾರಾಟದ ಮಾತನ್ನು ಇಬ್ಬರೂ ಎತ್ತಲಿಲ್ಲ. ಇವರ ಮರ್ಯಾದೆಗೆ ಬೆಂಕಿ ಬೀಳಲಿ ಎಂದುಕೊಂಡು, ಮೆಟ್ಟಿಲು ಎಲ್ಲಿಗೆ ಮುಟ್ಟುತ್ತದೆ ನೋಡಲು ಹೊರಟವರ ಹಿಂದೆ ನಾನೂ ಮೇಲೆ ಹತ್ತಿದೆ.

ಮೇಲೆ ಎರಡು ಕೋಣೆ. ಎಲ್ಮರ್ ಗೋಡೆಗಳನ್ನು ಬೆರಳಲ್ಲಿ ತಟ್ಟುತ್ತ ಹೋದ. ನೊಯೆಮಿ ಹಿಂದಿನ ಗೋಡೆಯ ಸಣ್ಣ ಕಿಟಕಿಯ ಹತ್ತಿರ ನಿಂತಳು. ಹೊರಗೆ ಯಾರದೋ ಚಪ್ಪಲಿ ಸದ್ದು.

"ಈ ಗೋಡೆಯಾಚೆ ಏನಿದೆ?"

"ಮೇಲಿನ ಓಣಿ" ಎಂದಳು ತೆಯೊದೋಸಿಯಾ.

"ಓಣಿನಾ? ಜನ ಓಡಾಡೋ ಓಣಿ?"

"ನಾನು ಕಟ್ಟಿದಾಗ ಬರೀ ಬಂಡೆ ಇತ್ತು. ಆರು ವರ್ಷ ಆದ್ಮೇಲೆ ಸಿಮೆಂಟ್ ಹಾಕಿದ್ರು."

"ಮತ್ತೆ ಇಲ್ಲೊಂದು ಬಾಗಿಲು ಯಾಕೆ ಇಡ್ಲಿಲ್ಲ?"

ಮನೆ ಗುಡ್ಡಕ್ಕೆ ಆತುಕೊಂಡು ನಿಂತಿದೆ, ಕೆಳಗಿನ ಅಂತಸ್ತು ಕೆಳಗಿನ ಓಣಿಗೆ, ಮೇಲಿನ ಅಂತಸ್ತಿನ ಬೆನ್ನು ಮೇಲಿನ ಓಣಿಗೆ ಸರಿಸಮ. ಇದು ನನ್ನ ಕಣ್ಣಿಗೂ ಹದಿನಾರು ವರ್ಷದಿಂದ ಬೀಳುತ್ತಿದೆ. ಇದನ್ನು ನೋಡಿಯೂ ನನಗೆ ಒಂದು ಬಾಗಿಲು ಹೊಳೆದಿರಲಿಲ್ಲ. ನಾಚಿಕೆಯಾಯಿತು.

"ಒಂದು ದಿನದ ಕೆಲಸ. ಮೇಲೊಂದು ಅಡ್ಡ ತೊಲೆ ಕೊಟ್ಟು ಒಡೆದ್ರೆ ಆಯ್ತು. ನಾನೇ ಮಾಡಿಕೊಡ್ತೀನಿ" ಎಂದ ಎಲ್ಮರ್.

"ಹೊಳೆದಿತ್ತು" ಎಂದಳು ತೆಯೊದೋಸಿಯಾ, ನಮ್ಮ ಯಾರ ಮುಖವನ್ನೂ ನೋಡದೆ. "ಸಿಮೆಂಟ್ ಹಾಕಿದ ದಿನವೇ ಹೊಳೆದಿತ್ತು. ಆದ್ರೆ ಬೇರೆ ಬಾಗಿಲು ತೆಗೆದ್ರೆ ಏನರ್ಥ? ನಿಮ್ಮ ಹೊಸಿಲು ನನಗೆ ಬೇಡ ಅಂದಂಗೆ. ಕೊಂಪಾದ್ರೆ ನೊಂದ್ಕೊಳ್ತಿದ್ರು. ಈಗಲೂ ಅವರನ್ನ ಕೇಳದೆ ಒಡೆಯೋದಿಲ್ಲ. ನೀನು ಜೊತೆಗೆ ಬಾ ರೋಸೌರಾ."

ಜೋಡಿಯನ್ನು ಮೇಲೆಯೇ ಬಿಟ್ಟು ನಾವಿಬ್ಬರೂ ಇಳಿದೆವು. ಅವಳು ಒಲೆಯ ಪಕ್ಕ ನಿಂತು, ಏಪ್ರನ್ನಿನ ತುದಿ ಹಿಡಿದುಕೊಂಡು ವಿಷಯ ಹೇಳಿದಳು. ಫೋರ್ತುನಾತೊ ಮಂಡಿ ಉಜ್ಜುತ್ತ ಕೇಳಿದ. ಅತ್ತುಬಿಡುತ್ತಾನೇನೋ ಎಂದು ನನಗೆ ಭಯ.

"ಆ ಗೋಡೆ ವಿಚಾರ ಹುಸ್ತಿನಾ ಓಣಿ ಬಂದ ವರ್ಷವೇ ಹೇಳಿದ್ಲು" ಎಂದ. "ಕೊಮಾದ್ರೆಗೆ ಹೇಳೋಣ, ಅಲ್ಲೊಂದು ಬಾಗಿಲು ಇಟ್ಕೊಳ್ಲಿ ಅಂತ. ನಾನೇ ಬೇಡ ಅಂದೆ. ನಾವಾಗಿ ಹೇಳಿದ್ರೆ ಹೊರಗೆ ಹಾಕಿದಂಗಾಗತ್ತೆ ಅಂದೆ. ಮಾರೋ ವಿಷಯಾನೂ ಹಂಗೇ. ದಿನಾ ಬೆಳಿಗ್ಗೆ ಹೇಳಣ ಅಂತ ಕೂತಿರ್ತಿದ್ದೆ. ನೀವು ಬರ್ತಿದ್ರಿ, ಬಾಯಿ ಕಟ್ಟೋದು."

ಅವನು ಮಂಡಿಯಿಂದ ಕೈ ತೆಗೆದು ಅವಳ ಕಡೆ ತಿರುಗಿದ.

"ಒಂದು ಕೇಳ್ತೀನಿ ಕೊಮಾದ್ರೆ, ಬೇಜಾರಾಗ್ಬೇಡಿ. ನಿಮ್ಮ ವ್ಯಾಪಾರ ಐದಕ್ಕೆಲ್ಲ ಮುಗಿಯತ್ತೆ. ಇಷ್ಟು ವರ್ಷ ದಿನಾ ಎಂಟೂವರೆಗೆ ಯಾಕೆ ಬರ್ತಿದ್ರಿ?"

"ನಿಮ್ಮದೆಲ್ಲ ಊಟ ಮುಗೀಲಿ ಅಂತ. ಉಣ್ಣೋ ಹೊತ್ತಿಗೆ ಬಂದ್ರೆ ನೀವು ಕೂರಿ ಅಂತೀರಿ. ಮೂರು ಜನಕ್ಕೆ ಮಾಡಿದ ಸಾರಿಗೆ ನಾನೊಬ್ಬಳು ಬಾಯಿ ಯಾಕೆ ಹಾಕ್ಲಿ ಅಂತ ಹೊರಗೇ ಕೂತಿರ್ತಿದ್ದೆ."

ಹೊರಗೆ ಎಂದರೆ ನನ್ನ ಅಂಗಡಿಯಲ್ಲಿ. ಸಂಜೆ ಐದರಿಂದ ಎಂಟೂವರೆವರೆಗೆ ನನ್ನ ಬೆಂಚಿನ ಮೇಲೆ. ನನ್ನ ಮಾತು ಕೇಳಲು ಇಷ್ಟಪಟ್ಟು ಕೂರುತ್ತಾಳೆ ಎಂದು ತಿಳಿದುಕೊಂಡು ನಾನು ನನ್ನ ಕಷ್ಟಸುಖವನ್ನೆಲ್ಲ ಆ ಹೆಂಗಸಿನ ಮುಂದೆ ಸುರಿದಿದ್ದೆ. ಅವಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ಫೋರ್ತುನಾತೊ ಒಲೆಯ ಮೇಲಿನ ಪಾತ್ರೆಯ ಕಡೆ ನೋಡುತ್ತ ಹೇಳಿದ. "ನಾವು ಉಣ್ತಿದ್ದಿದ್ದು ಒಂಬತ್ತಕ್ಕೆ. ನೀವು ಹತ್ತಿ ಹೋದ್ಮೇಲೆ. ನಿಮ್ಮ ಮುಂದೆ ನಾವು ಮಾತ್ರ ಉಣ್ಣೋದು ಹೆಂಗೆ? ಕರೆಯೋಣ ಅಂದ್ರೆ ಮೊದಲ ವರ್ಷಗಳಲ್ಲಿ ಪಾತ್ರೇಲಿ ಅಷ್ಟು ಇರ್ತಿರ್ಲಿಲ್ಲ. ಆಮೇಲೆ ಇತ್ತು, ಆದ್ರೆ ಅಷ್ಟು ಹೊತ್ತಿಗೆ ಅದೇ ರೂಢಿ ಆಗೋಗಿತ್ತು. ಮಾರ್ಲೆನಿ ಮಗು, ಹಸಿವು ಅಂತ ಅಳೋಳು. ಹುಸ್ತಿನಾ ಅವಳ ಬಾಯಿಗೆ ಒಂದು ಚೂರು ಬ್ರೆಡ್ಡಿಟ್ಟು, ತಡಿ, ನಿನ್ನ ಗಾಡ್‌ಮದರ್ ಬಂದು ಹೋಗ್ಲಿ ಅನ್ನೋಳು."

ಇಪ್ಪತ್ತೆರಡು ವರ್ಷ. ಇವಳು ಅವರು ಉಣ್ಣಲಿ ಎಂದು ಹೊರಗೆ ನನ್ನ ಬೆಂಚಿನ ಮೇಲೆ, ಅವರು ಇವಳು ಹೋಗಲಿ ಎಂದು ಒಳಗೆ ಆರಿದ ಸಾರಿನ ಮುಂದೆ. ಇದನ್ನು ಪ್ರೀತಿ ಎನ್ನಬೇಕೋ ದಡ್ಡತನ ಎನ್ನಬೇಕೋ, ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಮೇಲೆ ಎಲ್ಮರ್ ಗೋಡೆಯ ಅಳತೆ ಹಿಡಿಯುವ ಸದ್ದು ಕೇಳುತ್ತಿತ್ತು.

"ಒಡೀರಿ ಕೊಮಾದ್ರೆ" ಎಂದ ಫೋರ್ತುನಾತೊ. "ನಾನು ಇಲ್ಲಿರೋವಾಗ್ಲೇ ಒಡೀರಿ." ಸ್ವಲ್ಪ ತಡೆದು, "ಊಟ ಆಯ್ತಾ?" ಎಂದು ಕೇಳಿದ.

"ಇಲ್ಲ ಕೊಂಪಾದ್ರೆ. ಇನ್ನೂ ಇಲ್ಲ" ಎಂದಳು ತೆಯೊದೋಸಿಯಾ.

ಅವನು ಮಂಡಿ ಹಿಡಿದು ಎದ್ದು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು, ಎಷ್ಟು ಜನಕ್ಕಾಗುತ್ತದೆ ಎಂದು ಒಳಗೆ ಬಗ್ಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ನಂದಾಗಿದೆ" ಎಂದೆ. ಆಗಿರಲಿಲ್ಲ.