ಗಾಳಿಗೆ ಬೆನ್ನು ಕೊಟ್ಟ ಗಿರಣಿ

ನಮ್ಮ ಹೊಲದ ಬಾವಿಯಲ್ಲಿ ವರ್ಷಗಟ್ಟಲೆ ನೀರೆತ್ತಿದ ಡೀಸೆಲ್ ಇಂಜಿನ್ನಿಗೆ ಬಿಸಿ ಎಂದರೇನೆಂದೇ ಗೊತ್ತಿರಲಿಲ್ಲ. ತಾನೆತ್ತಿದ ನೀರಿನಲ್ಲೇ ಒಂದು ಪಾಲು ಸಣ್ಣ ಪೈಪಿನ ಮೂಲಕ ಅದರ ಮೈಯೊಳಗೆ ಹಾದು ಕಾಲುವೆಗೆ ಬೀಳುತ್ತಿತ್ತು. ದಿನವಿಡೀ ಓಡಿಸಿದರೂ ಅದರ ಮೇಲೆ ಕೈಯಿಟ್ಟುಕೊಂಡು ಹರಟೆ ಹೊಡೆಯಬಹುದಾಗಿತ್ತು. ಅಂಥ ಇಂಜಿನ್ನನ್ನು ಬಾವಿಯ ದಂಡೆಯಿಂದ ಕಿತ್ತು ನಾಲ್ಕು ಗಾಲಿಗಳ ಮೇಲೆ ಕೂಡಿಸಿದವನು ನಾನು. ಅದಕ್ಕೆ ಕುದಿಯುವುದನ್ನು ಕಲಿಸಿದವನೂ ನಾನೇ.

ಎಪ್ಪತ್ತರ ದಶಕದ ನಡುವಿನ ಮಾತು. ಇಂಡಿ ಪಟ್ಟಣದ ಒಂದು ಗ್ಯಾರೇಜಿನಲ್ಲಿ ಏಳೆಂಟು ವರ್ಷ ಕೈ ಕಪ್ಪು ಮಾಡಿಕೊಂಡು ನಾನು ಊರಿಗೆ ಮರಳಿದ್ದೆ. ನಮ್ಮೂರು ಸಿಂದಗಿಗೂ ದೇವರ ಹಿಪ್ಪರಗಿಗೂ ನಡುವೆ, ರಸ್ತೆ ಬಿಟ್ಟು ಒಳಗೆ. ನನಗೆ ಆಗ ಮೂವತ್ತು, ಮದುವೆಯಾಗಿತ್ತು, ತಲೆಯಲ್ಲಿ ಮಿಸ್ತ್ರಿಯ ಜಂಬ ತುಂಬಿಕೊಂಡಿತ್ತು. ಯಾರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಅದರಲ್ಲೂ ಹೆಂಗಸರು ಇಂಜಿನ್ನಿನ ಬಗ್ಗೆ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಯಲ್ಲಿ ಅಕ್ಕ ಇದ್ದಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳನ್ನು ಮುದ್ದೇಬಿಹಾಳದ ಕಡೆ ಕೊಟ್ಟಿತ್ತು. ಭಾವ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು, ಮಕ್ಕಳಿರಲಿಲ್ಲ. ಅವಳ ಮೈದುನ ಆಗಾಗ ಬಂದು, ಮನೆಯಲ್ಲಿ ಕೈ ಕಡಿಮೆ ಬಿದ್ದಿವೆ, ಅತ್ತಿಗೆಯನ್ನು ಕಳಿಸಿಕೊಡಿ ಎನ್ನುತ್ತಿದ್ದ. ಅವನಿಗೆ ಬೇಕಾಗಿದ್ದುದು ಕಳೆ ತೆಗೆಯಲು, ದನದ ಕೊಟ್ಟಿಗೆ ಬಳಿಯಲು ಒಂದು ಪುಕ್ಕಟೆ ಆಳು. ಅಪ್ಪ ಒಂದು ಸಲ ಹೂಂ ಎನ್ನುತ್ತಿದ್ದ, ಒಂದು ಸಲ ನೋಡೋಣ ಎನ್ನುತ್ತಿದ್ದ. ಮೈದುನ ಬಂದು ಹೋಗುವವರೆಗೆ ಅಕ್ಕ ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಗಿರಣಿಯ ಯೋಚನೆ ಅವಳದು. ನಮ್ಮ ಹೊಲಕ್ಕೆ ಕರೆಂಟು ಬಂದು ಇಂಜಿನ್ ಮೂಲೆ ಸೇರಿತ್ತು. ಸುತ್ತಲಿನ ಸಣ್ಣ ಹಳ್ಳಿಗಳಿಗೆ ಇನ್ನೂ ಕರೆಂಟಿರಲಿಲ್ಲ. ಹೆಂಗಸರು ಜೋಳದ ಬುಟ್ಟಿ ತಲೆಯ ಮೇಲೆ ಹೊತ್ತು ಹಿಪ್ಪರಗಿಯವರೆಗೆ ನಡೆದು ಹಿಟ್ಟು ಹಾಕಿಸಿಕೊಂಡು ಬರುತ್ತಿದ್ದರು.

"ಅವರು ಗಿರಣಿಗೆ ಹೋಗೂ ಬದಲಿ ಗಿರಣಿನ ಅವರ ಕಡೆ ಹೋದ್ರ ಏನಾಕ್ಕೈತಿ?" ಎಂದಳು ಒಂದು ದಿನ.

ಅಪ್ಪ ನಕ್ಕ. ನಾನು ನಗಲಿಲ್ಲ, ಏಕೆಂದರೆ ಇಂಡಿಯ ಗ್ಯಾರೇಜಿನ ಹಿಂದೆ ಇಂಜಿನ್ನಿಲ್ಲದ ಒಂದು ಹಳೆಯ ಜೀಪಿನ ಅಸ್ಥಿಪಂಜರ ಬಿದ್ದಿದ್ದು ನನ್ನ ಕಣ್ಣಮುಂದೆ ಬಂತು.

ಜೀಪಿನ ಮುಂದೆ ಬಾವಿಯ ಇಂಜಿನ್, ಹಿಂದೆ ಬೀಸುವ ಕಲ್ಲು. ಗೇರಿಗೆ ಹಾಕಿದರೆ ಗಾಲಿ ತಿರುಗಬೇಕು, ಗೇರು ತೆಗೆದು ಬೆಲ್ಟು, ಅಂದರೆ ಪಟ್ಟಾ, ಏರಿಸಿದರೆ ಕಲ್ಲು ತಿರುಗಬೇಕು. ಬಾವಿಯ ನೀರಿನ ಬದಲಿಗೆ ಒಂದು ಲಾರಿಯ ಹಳೆಯ ರೇಡಿಯೇಟರ್, ಅದರ ಹಿಂದೆ ಫ್ಯಾನು. ಬಾಡಿ ಕಟ್ಟಿದವರು ಬಸವನ ಬಾಗೇವಾಡಿಯ ಒಬ್ಬ ಬಡಿಗರು. ಜೀವಮಾನವೆಲ್ಲ ಚಕ್ಕಡಿ ಮಾಡಿದ ಕೈ, ನಮ್ಮ ಗಾಡಿಯನ್ನೂ ಚಕ್ಕಡಿಯ ಹಾಗೇ ಕಟ್ಟಿದರು. ಎಲ್ಲ ಮುಗಿದ ಮೇಲೆ ಮುಂದೆ ನಿಂತು, "ನೊಗ ಎಲ್ಲಿ ಕಟ್ಟತೀರಿ?" ಎಂದು ಕೇಳಿದರು. ತಮಾಷೆಗೋ ನಿಜಕ್ಕೋ ನನಗೆ ಇವತ್ತಿಗೂ ತಿಳಿದಿಲ್ಲ.

ದೀಪಾವಳಿಗೆ ಪೂಜೆಯಾಯಿತು. ಗಾಡಿಯನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ ಅಪ್ಪ ಕಾಯಿ ಒಡೆದ. ನಮ್ಮ ಮನೆಯಲ್ಲಿ ಬೀಸುವ ಕಲ್ಲಿನ ಮುಂದೆ ಅವ್ವ, ಅವಳಿಗಿಂತ ಮೊದಲು ಅಜ್ಜಿ, ಪೂರ್ವಕ್ಕೆ ಮುಖ ಮಾಡಿಯೇ ಕೂಡುತ್ತಿದ್ದರು. ಅಪ್ಪ ಅದೇ ನಿಯಮವನ್ನು ಗಾಡಿಗೂ ಹಚ್ಚಿದ.

"ಎಲ್ಲೆ ನಿಂತು ಬೀಸಿದ್ರೂ ಇದರ ಮುಖ ಮೂಡಲಕ್ಕ ಇರಬೇಕ. ತಿಳೀತಿಲ್ಲೋ?"

ತಿಳಿಯದೇನು. ಯಾವ ಊರಿಗೆ ಹೋದರೂ ನಾನು ಮೊದಲು ಸೂರ್ಯನನ್ನು ನೋಡಿ ಗಾಡಿ ತಿರುಗಿಸಿ ನಿಲ್ಲಿಸುತ್ತಿದ್ದೆ. ಜನಕ್ಕೂ ಅದು ಹಿಡಿಸಿತು. ಬುಟ್ಟಿ ತಂದ ಮುದುಕಿಯರು ರೇಡಿಯೇಟರಿಗೆ ಕೈ ಮುಗಿದು ಹಿಂದೆ ಹೋಗಿ ಜೋಳ ಸುರಿಯುತ್ತಿದ್ದರು. ಅಕ್ಕ ಕಲ್ಲಿನ ಬದಿಗೆ ನಿಂತು ಕಾಳು ಬಿಡುತ್ತ, ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತ, ನುಣುಪು ಸಾಲದೆಂದರೆ ಕಲ್ಲು ಬಿಗಿ ಮಾಡುತ್ತಿದ್ದಳು. ಚಳಿಗಾಲ ಪೂರ್ತಿ ಇಂಜಿನ್ ತಣ್ಣಗೆ ಓಡಿತು. ಬೇಸಿಗೆಯ ಬಿಸಿಲಿಗೆ ತುಸು ಬಿಸಿಯೇರಿತು, ಆದರೆ ಕುದಿಯಲಿಲ್ಲ. ನಾನು ಮೀಸೆ ತಿರುವಿದೆ.

ಮೃಗಶಿರಾ ಮಳೆ ಹನಿಯಿತು ನೋಡಿ, ಆಗ ಶುರುವಾಯಿತು ಗ್ರಹಚಾರ. ಮೋಡ ಕವಿದು ಹವೆ ತಂಪಾಗಿದ್ದರೂ ಇಂಜಿನ್ ಮಾತ್ರ ಕುದಿಯತೊಡಗಿತು. ದಾರಿಯಲ್ಲಿ ಓಡುವಾಗ ಏನೂ ಇಲ್ಲ. ನಿಂತು ಬೀಸಲು ಹತ್ತಿದರೆ ಎರಡು ಚೀಲ ಮುಗಿಯುವಷ್ಟರಲ್ಲಿ ರೇಡಿಯೇಟರಿನ ಮುಚ್ಚಳ ಕುಣಿದು ಬುಸ್ಸೆಂದು ಹಬೆ. ಹೆಂಗಸರು ಅರ್ಧ ಬೀಸಿದ ಜೋಳವನ್ನು ಬುಟ್ಟಿಗೆ ತುಂಬಿಕೊಂಡು ಮತ್ತೆ ಹಿಪ್ಪರಗಿಯ ದಾರಿ ಹಿಡಿದರು.

ನನಗೆ ತಿಳಿದದ್ದೆಲ್ಲ ಮಾಡಿದೆ. ನಮ್ಮ ಕಡೆಯ ಸವಳು ನೀರು ಒಳಗೆ ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿದೆ ಎಂದು ರೇಡಿಯೇಟರ್ ಬಿಚ್ಚಿ, ಹುಣಸೆ ನೀರು ತುಂಬಿ ಎರಡು ದಿನ ಇಟ್ಟು ತೊಳೆದೆ. ಒಂದು ತಂಬಿಗೆಯಷ್ಟು ಬಿಳಿ ಹೆಂಟೆ ಬಂತು, ಕುದಿಯುವುದು ನಿಲ್ಲಲಿಲ್ಲ. ಹಿಟ್ಟಿನ ಧೂಳು ಅದರ ಸಂದುಗಳಲ್ಲಿ ಮೆತ್ತಿದೆ ಎಂದು ಸೈಕಲ್ ಪಂಪಿನಿಂದ ಊದಿದೆ. ಧೂಳು ಬರದಿರಲೆಂದು ಮುಂದೆ ಒಂದು ತೆಳು ಬಟ್ಟೆ ಕಟ್ಟಿದೆ. ಅವತ್ತು ಒಂದೇ ಚೀಲಕ್ಕೆ ಕುದಿಯಿತು. ಬಟ್ಟೆ ಕಿತ್ತು ಬಿಸಾಡಿ ಯಾರ ಮೇಲೋ ರೇಗಿದೆ, ಬಹುಶಃ ಹೆಂಡತಿಯ ಮೇಲೆ.

ಅಕ್ಕ ಎರಡು ಸಲ ಏನೋ ಹೇಳಲು ಬಂದಳು. "ತಮ್ಮಾ, ಈ ತಿಂಗಳದಾಗ ಹಿಟ್ಟಿನ ಧೂಳಿ ಮುಂದ ನಿನ್ನ ಕಡೆ ಬರಾಕತ್ತೈತಿ. ಚಳಿಗಾಲದಾಗ ಹಿಂಗ ಬರ್ತಿದ್ದಿಲ್ಲ."

"ನೀ ಹಿಟ್ಟ ನೋಡಕೋ. ಇಂಜಿನ್ ನಾ ನೋಡಕೋತೇನಿ" ಎಂದೆ. ಹಿಟ್ಟು ಕೂತು ತಲೆಯೆಲ್ಲ ಬೆಳ್ಳಗಾಗಿ ಮುದುಕನಂತೆ ಕಾಣುತ್ತಿದ್ದೆ, ಆದರೂ ಸಿಟ್ಟಿಗೇನೂ ಕಡಿಮೆ ಇರಲಿಲ್ಲ.

ಕೊನೆಗೆ ಅಪ್ಪ ತೀರ್ಮಾನ ಹೇಳಿದ. ಮುಂದಿನ ಹಿಪ್ಪರಗಿ ಸಂತೆಗೆ ಮೈದುನ ಬರುವವನಿದ್ದ. ಆ ದಿನ ಗಿರಣಿ ಬೆಳಗಿನಿಂದ ಸಂಜೆಯವರೆಗೆ ಕುದಿಯದೆ ಓಡಿದರೆ ಅದು ಅಕ್ಕನದು, ಅವಳ ಬದುಕು ಅವಳು ನೋಡಿಕೊಳ್ಳಲಿ, ಯಾರೂ ಅವಳನ್ನು ಎಲ್ಲಿಗೂ ಕಳಿಸುವುದಿಲ್ಲ. ಕುದಿದರೆ ಇಂಜಿನ್ ಮಾರಿಬಿಡುವುದು, ಅಕ್ಕ ಮೈದುನನ ಜೊತೆ ಮುದ್ದೇಬಿಹಾಳದ ಬಸ್ಸು ಹತ್ತುವುದು. ಅಕ್ಕ ತಲೆ ಬಗ್ಗಿಸಿ ಕೇಳಿಸಿಕೊಂಡಳು. ಆ ವಾರ ಅವಳು ಸರಿಯಾಗಿ ಉಣ್ಣಲಿಲ್ಲ ಎಂದು ನನ್ನ ಹೆಂಡತಿ ಹೇಳಿದಳು.

ಸಂತೆಯ ದಿನ ಬೆಳಿಗ್ಗೆ ಹಿಪ್ಪರಗಿಯ ಸಂತೆ ಬಯಲಿನ ಅಂಚಿಗೆ ಪೂರ್ವಕ್ಕೆ ಮುಖ ಮಾಡಿ ಗಾಡಿ ನಿಲ್ಲಿಸಿದೆ. ಅಪ್ಪ ಸ್ವಲ್ಪ ಹೊತ್ತು ನಿಂತು ನೋಡಿ, ತೊಗರಿಯ ಧಾರಣೆ ಕೇಳಲು ಪೇಟೆಗೆ ಹೋದ. ಬುಟ್ಟಿಗಳ ಸಾಲು ಉದ್ದವಾಗಿತ್ತು. ಒಂದು ಚೀಲವಾಯಿತು. ಎರಡನೆಯದು ಅರ್ಧ ಆಗುವಷ್ಟರಲ್ಲಿ ರೇಡಿಯೇಟರಿನೊಳಗೆ ಗುಳುಗುಳು ಸದ್ದು ಕೇಳಿಸಿತು. ಇಂಜಿನ್ ನಿಲ್ಲಿಸಲು ಹೊರಟೆ.

"ನಿಲ್ಲಸಬ್ಯಾಡ. ಬರೇ ಕಲ್ಲ ಬಿಡು" ಎಂದಳು ಅಕ್ಕ. ನಾನು ಪಟ್ಟಾ ಇಳಿಸಿದೆ. ಅವಳು ಕೆಳಗಿಳಿದು ಯಾರದೋ ಬುಟ್ಟಿಯಿಂದ ಒಂದು ಹಿಡಿ ಹೊಟ್ಟು ತೆಗೆದುಕೊಂಡು ಗಾಡಿಯ ಮುಂದೆ ಹೋಗಿ ನಿಂತಳು. ರಾಶಿ ತೂರುವವರ ಹಾಗೆ ಕೈ ಎತ್ತಿ, ರೇಡಿಯೇಟರಿನ ಮುಂದೆ ಹೊಟ್ಟನ್ನು ನಿಧಾನಕ್ಕೆ ಬಿಟ್ಟಳು.

ಫ್ಯಾನು ಮುಂದಿನ ಗಾಳಿಯನ್ನು ರೇಡಿಯೇಟರಿನ ಮೂಲಕ ಒಳಗೆ ಎಳೆಯಬೇಕು. ಹಾಗಿದ್ದರೆ ಆ ಹೊಟ್ಟು ರೇಡಿಯೇಟರಿಗೆ ಬಂದು ಅಂಟಿಕೊಳ್ಳಬೇಕಿತ್ತು. ಅಂಟಲಿಲ್ಲ. ಅಲ್ಲೇ ಒಂದು ಸುತ್ತು ಸುತ್ತಿ, ಗಾಡಿಗೆ ಬೆನ್ನು ತಿರುಗಿಸಿ ಪೂರ್ವದ ಕಡೆ ಹಾರಿಹೋಯಿತು. ಅಕ್ಕ ಇನ್ನೊಂದು ಹಿಡಿ ಬಿಟ್ಟಳು. ಅದೂ ಹಾಗೇ ಹೋಯಿತು.

"ಗಾಳಿ ಪಡುವಲದ್ದೋ ತಮ್ಮಾ. ಹಿಂದಿಂದ ದಬ್ಬಾಕತ್ತೈತಿ. ನಿನ್ನ ಫ್ಯಾನ್ ಈ ಕಡೆ ಎಳದ್ರ, ಅದು ಆ ಕಡೆ ನೂಕತೈತಿ. ಚಳಿಗಾಲದಾಗ ಗಾಳಿ ಮೂಡಲದ್ದಿತ್ತು, ಅದಕ್ಕ ತಣ್ಣಗಿತ್ತು. ಗಾಡಿ ತಿರುಗಸು."

ಎಂಟು ವರ್ಷ ಗ್ಯಾರೇಜಿನಲ್ಲಿ ಕಲಿತವನು ನಾನು. ಬಾಯಿಂದ ಹೊರಟದ್ದು ಇಷ್ಟೇ: "ಅಪ್ಪ ಏನಂದಾನು?"

"ಅಪ್ಪಗ ನಾ ಹೇಳ್ತೇನಿ. ನೀ ತಿರುಗಸು ಮೊದಲ."

ಗಾಡಿಯನ್ನು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿದೆ. ಮುಂಗಾರಿನ ಆ ಬಿರುಗಾಳಿ ಈಗ ನೇರವಾಗಿ ರೇಡಿಯೇಟರಿಗೆ ಬಡಿಯತೊಡಗಿತು. ಗುಳುಗುಳು ನಿಂತಿತು. ಪಟ್ಟಾ ಏರಿಸಿದೆ, ಅಕ್ಕ ಕಾಳು ಬಿಟ್ಟಳು. ಮೂರು ಚೀಲ, ನಾಲ್ಕು, ಐದು. ಒಬ್ಬ ಮುದುಕಿ ಮಾತ್ರ, ಮುಳುಗುವ ಕಡೆ ಮುಖ ಮಾಡಿದ ಗಿರಣಿಯಲ್ಲಿ ಬೀಸಿಸುವುದಿಲ್ಲ ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಉಳಿದವರಿಗೆ ಮನೆಯಲ್ಲಿ ರೊಟ್ಟಿ ಬಡಿಯುವ ಅವಸರವಿತ್ತು.

ಹೊತ್ತು ಇಳಿಯುವಾಗ ಅಪ್ಪ ಬಂದ, ಜೊತೆಗೆ ಅಕ್ಕನ ಮೈದುನ, ಇನ್ನಿಬ್ಬರು ಊರ ಹಿರಿಯರು. ದೂರದಿಂದಲೇ ಗಾಡಿಯ ಮುಖ ನೋಡಿ ಅಪ್ಪನ ಹುಬ್ಬು ಗಂಟಿಕ್ಕಿತು.

"ಯಾರು ತಿರುಗಿಸಿದ್ರು ಇದನ್ನ?"

ನಾಲ್ಕು ಜನರ ಮುಂದೆ ಅಪ್ಪ ಅಕ್ಕನ ಮೇಲೆ ಕೂಗಾಡುತ್ತಾನೆ, ಅದೂ ಆ ಮೈದುನನ ಎದುರಿಗೆ ಎಂದುಕೊಂಡೆ. ಅಕ್ಕ ಬಾಯಿ ತೆರೆಯುವ ಮೊದಲೇ, "ನಾನ ತಿರುಗಿಸಿದ್ನಿ" ಎಂದೆ. ಆ ಕ್ಷಣಕ್ಕೆ ಅದು ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು. ಬೈಗುಳ ನನ್ನ ಮೇಲೆ ಬೀಳಲಿ ಎಂದು ಕಾಯುತ್ತ ನಿಂತೆ.

ಬೈಗುಳ ಬೀಳಲಿಲ್ಲ. ಅಪ್ಪ ಹತ್ತಿರ ಬಂದು ರೇಡಿಯೇಟರಿನ ಮೇಲೆ ಕೈಯಿಟ್ಟ. ತೆಗೆಯಲಿಲ್ಲ. ಹಾಗೇ ಇಟ್ಟುಕೊಂಡು ತುಂಬಿದ ಚೀಲಗಳನ್ನು ನೋಡಿದ, ಗಾಳಿಗೆ ಹಾರುತ್ತಿದ್ದ ತನ್ನ ಧೋತರದ ಚುಂಗನ್ನು ನೋಡಿದ.

"ಗಾಳಿಗೆ ಮುಖ ಕೊಟ್ಟಿ ಹೌದಿಲ್ಲೋ? ಶಾಣ್ಯಾ ಅದಿ ಮಗನ" ಎಂದ. ಹಿರಿಯರೊಬ್ಬರು, "ಇಂಡ್ಯಾಗ ಕಲತ ಮಿಸ್ತ್ರಿ ಅಂದ್ರ ಸುಮ್ಮನ ಏನ್ರಿ?" ಎಂದರು. ಅಪ್ಪ ನನ್ನ ಹೆಗಲು ತಟ್ಟಿದ. ಹುಟ್ಟಿದಾಗಿನಿಂದ ಅವನು ನನ್ನ ಹೆಗಲು ತಟ್ಟಿದ್ದು ಅದೇ ಮೊದಲು.

ಆಗ ಹೇಳಬೇಕಾಗಿತ್ತು. ಹೇಳುವುದು ಏನೂ ದೊಡ್ಡದಿರಲಿಲ್ಲ, "ನಾನಲ್ಲ, ಅಕ್ಕ" ಎಂಬ ಎರಡು ಮಾತು. ನಾನು ಮೀಸೆಯ ಮೇಲಿನ ಹಿಟ್ಟು ಒರೆಸಿಕೊಂಡೆ. ಅಕ್ಕ ನನ್ನ ಕಡೆ ಒಂದು ಸಲ ನೋಡಿ, ಬುಟ್ಟಿಯ ಕಡೆ ತಿರುಗಿದಳು. ಅಪ್ಪನಿಗೆ ತಾನು ಹೇಳುತ್ತೇನೆ ಎಂದಿದ್ದವಳು ಏನೂ ಹೇಳಲಿಲ್ಲ. ತಮ್ಮನನ್ನು ನಾಲ್ಕು ಜನರ ಮುಂದೆ ಸುಳ್ಳುಗಾರನನ್ನಾಗಿ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಮೈದುನ ಬರಿಗೈಯಲ್ಲಿ ಹೋದ, ಆಮೇಲೆ ಬರಲಿಲ್ಲ. ಅಕ್ಕ ಮನೆಯಲ್ಲೇ ಉಳಿದಳು. ಆದರೆ ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ ಅಪ್ಪ, "ಗಾಡಿಯ ಮರ್ಮ ತಿಳದಾಂವ ನೀನು. ನಿನ್ನ ಕೈಯಾಗ ಇರಲಿ. ಅಕಿ ನಿನಗ ಆಸರ ಆಗಿರ್ತಾಳ" ಎಂದ. ರೊಟ್ಟಿ ಹಾಕುತ್ತಿದ್ದ ಅಕ್ಕನ ಕೈ ನಿಲ್ಲಲಿಲ್ಲ. ನಾನು ಇನ್ನೊಂದು ತುತ್ತು ಮುರಿದೆ.

ಶ್ರಾವಣದಲ್ಲಿ ಸಿಂದಗಿಯಿಂದ ಪೇಂಟರ್ ಬಂದ. ಬಾಡಿಯ ಎರಡೂ ಬದಿಗೆ ಹಿಟ್ಟಿನ ಗಿರಣಿ ಎಂದು ಹಳದಿ ಬಣ್ಣದಲ್ಲಿ ಬರೆದು, ಅದರ ಕೆಳಗೆ ಮಾಲಕರು ಎಂದು ಹಾಕಿ ನನ್ನ ಹೆಸರು ಬರೆದ. ಅಕ್ಕ ಮೂರನೆಯ ಇಯತ್ತೆಯವರೆಗೆ ಓದಿದ್ದಳು. ಬಂದು ನಿಂತು, ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಪೇಂಟರ್ ಕುಂಚ ತೊಳೆಯುವ ಮೊದಲು, "ಕೆಳಗ ಜಾಗಾ ಐತ್ರಿ. ಇನ್ನೊಂದ ಹೆಸರ ಏನರ ಬರೀಬೇಕೇನ್ರಿ?" ಎಂದು ನನ್ನನ್ನು ಕೇಳಿದ.

ನಾನು ಬಾಯಿ ತೆರೆದೆ.

"ಬ್ಯಾಡಪ್ಪಾ, ಅಷ್ಟ ಸಾಕು" ಎಂದಳು ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಹತ್ತಿ, ಕಲ್ಲಿನ ಮೇಲಿನ ಧೂಳು ಒರೆಸತೊಡಗಿದಳು.